ಬಾಯಿ ಬಿಡಿಸುವ ಪಾಠ

ಇಂಗ್ಲಿಷು ಮಾತಾಡಲು ಕಲಿಸುವ ಸಂಜೆ ತರಗತಿಗಳು ಇಂದು ಜಿಲ್ಲಾ ಪಟ್ಟಣಗಳ ಗಲ್ಲಿಗಲ್ಲಿಯಲ್ಲೂ ಇವೆ. ಪಾಳಿ ಮುಗಿಸಿದ ಕಾರ್ಮಿಕರೂ ಅಂಗಡಿ ಬಾಗಿಲು ಹಾಕಿದ ಸಣ್ಣ ವರ್ತಕರೂ ಬೆವರಿನ ಹಣ ತೆತ್ತು ಅಲ್ಲಿ ಕೂರುತ್ತಾರೆ. ಮೊದಲ ದಿನದ ಪಾಠಕ್ಕೆ 'ಐಸ್ ಬ್ರೇಕರ್' ಎಂದು ಹೆಸರು. ಅಪರಿಚಿತರ ನಡುವಿನ ಸಂಕೋಚವೆಂಬ ಮಂಜುಗಡ್ಡೆಯನ್ನು ಒಡೆಯುವುದಂತೆ. (ನಮ್ಮ ಸೀಮೆಯಲ್ಲಿ ಮಂಜುಗಡ್ಡೆ ಕಾಣುವುದು ಶರಬತ್ತಿನ ಗಾಡಿಯಲ್ಲಿ, ಚಳಿದೇಶದವರ ಉಪಮೆ, ಇರಲಿ.) ಒಬ್ಬೊಬ್ಬರಾಗಿ ಎದ್ದು ಹೆಸರು, ಹವ್ಯಾಸ, ರಜೆಯಲ್ಲಿ ನೋಡಿಬಂದ ಊರು ಇವನ್ನು ಇಂಗ್ಲಿಷಿನಲ್ಲಿ ಹೇಳಬೇಕು.

ಪದ್ಧತಿಯನ್ನು ನಾವು ಹಳಿಯುವುದಿಲ್ಲ. ಮಾತನ್ನು ಆಡಿಯೇ ಕಲಿಯಬೇಕು. ವ್ಯಾಕರಣ ಉರು ಹೊಡೆಸುವುದಕ್ಕಿಂತ ಇದು ನೂರು ಪಾಲು ಮೇಲು. ನಮ್ಮ ತಕರಾರು ಪ್ರಶ್ನೆಗಳ ಬಗ್ಗೆ. ವಾರಕ್ಕೊಂದು ರಜೆ, ಅದರಲ್ಲೂ ಬಟ್ಟೆ ಒಗೆದು ಪಡಿತರದ ಸಾಲಿನಲ್ಲಿ ನಿಲ್ಲುವವನಿಗೆ ಹವ್ಯಾಸ ಎಲ್ಲಿಂದ ಬರಬೇಕು? ಪಕ್ಕದವನನ್ನು ಅನುಸರಿಸಿ 'ಪುಸ್ತಕ ಓದುವುದು' ಎನ್ನುತ್ತಾನೆ. ಹೊಸ ಭಾಷೆಯಲ್ಲಿ ಅವನಾಡಿದ ಮೊದಲ ವಾಕ್ಯವೇ ಸುಳ್ಳು. ಅದನ್ನೂ ಹತ್ತಾರು ಜನರೆದುರು ತಡವರಿಸಿ ಹೇಳಬೇಕು, ಮುಂದಿನ ಬೆಂಚಿನ ಕಾಲೇಜು ಹುಡುಗರು ಕಿಸಕ್ಕನೆ ನಗಬೇಕು. ಮರುದಿನ ಅವನು ಬರುವುದಿಲ್ಲ. ಕಟ್ಟಿದ ಹಣ ಹಿಂತಿರುಗುವುದೂ ಇಲ್ಲ.

ಲೆಕ್ಕ ಹಾಕಿ ನೋಡಿ, ವರ್ತಕರಿಗೆ ಲೆಕ್ಕ ಹೊಸದಲ್ಲ. 30 ಜನ, 60 ನಿಮಿಷ. ಒಬ್ಬೊಬ್ಬರೇ ಎದ್ದು ನಿಂತರೆ ತಲೆಗೆ 2 ನಿಮಿಷ ಮಾತು, 58 ನಿಮಿಷ ಎದೆ ಡವಡವ. ಅದೇ ಜನರನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿದರೆ ತಲೆಗೆ 30 ನಿಮಿಷ. ಗದ್ದಲವಾಗುತ್ತದೆ, ನಿಜ. ಆ ಗದ್ದಲದಲ್ಲಿ ಒಬ್ಬನ ತಪ್ಪು ಊರಿಗೆಲ್ಲ ಕೇಳಿಸುವುದಿಲ್ಲ.

ಇನ್ನು ಮಾತಿನ ವಸ್ತು. 1963ರಲ್ಲಿ ಬ್ರೆಜಿಲ್ ದೇಶದ ಆಂಜಿಕೋಸ್ ಎಂಬ ಊರಿನಲ್ಲಿ ಪಾವ್ಲೊ ಫ್ರೇರೆ ಎಂಬ ಶಿಕ್ಷಕರು ಸುಮಾರು 300 ದುಡಿಯುವ ಜನರಿಗೆ 40 ಗಂಟೆಗಳಲ್ಲಿ ಓದುಬರಹ ಕಲಿಸುವ ಪ್ರಯೋಗ ನಡೆಸಿದರು. ಅಕ್ಷರಮಾಲೆಯಿಂದ ಹೊರಡದೆ, ಆ ಜನರ ದುಡಿಮೆಯಲ್ಲಿ ದಿನವೂ ಬಳಕೆಯಾಗುವ ಪದಗಳಿಂದ ಹೊರಟರು. ಮೊದಲು ಅವುಗಳ ಬಗ್ಗೆ ಮಾತು, ಆಮೇಲೆ ಅಕ್ಷರ. 1964ರಲ್ಲಿ ಸೈನ್ಯ ಅಧಿಕಾರ ಕಸಿದುಕೊಂಡು ಅವರನ್ನು ಜೈಲಿಗೆ ಹಾಕಿತು. ಅದು ಸ್ವಂತ ಭಾಷೆಯ ಓದು, ಇದು ಪರಭಾಷೆಯ ಮಾತು; ಆದರೂ ದಾರಿ ಒಂದೇ.

'ಇಂಥವರನ್ನು ಹುಡುಕು' ಎಂಬ ಆಟ ಈ ತರಗತಿಗಳಲ್ಲಿ ಈಗಲೇ ಇದೆ. ಚೀಟಿ ಹಿಡಿದು ಎಲ್ಲರನ್ನೂ ಕೇಳುತ್ತ ತಿರುಗಬೇಕು. ಚೀಟಿಯಲ್ಲಿ 'ವಿಮಾನ ಹತ್ತಿದವರು' ಎಂದು ಬರೆಯುವ ಬದಲು 'ರಾತ್ರಿ ಪಾಳಿ ಮಾಡಿದವರು', 'ಉದ್ರಿ ಕೊಟ್ಟು ಕೈಸುಟ್ಟುಕೊಂಡವರು' ಎಂದು ಬರೆದರೆ ಸಾಕು. ಉದ್ರಿಯ ಕಥೆ ಹೇಳತೊಡಗಿದ ಅಂಗಡಿಯವನು ವ್ಯಾಕರಣಕ್ಕೆ ಹೆದರುವುದಿಲ್ಲ. ಪದ ಸಿಗದ ಕಡೆ ಕನ್ನಡ ಸೇರಿಸಿ ಮುಂದೆ ಹೋಗುತ್ತಾನೆ. ಮೇಷ್ಟ್ರು ನಡುವೆ ಬಾಯಿ ಹಾಕಬಾರದು. ತಿದ್ದುವುದು ಕಥೆ ಮುಗಿದ ಮೇಲೆ.

ಕನ್ನಡದ ಪರ ನಿಂತ ನಮಗೆ ಈ ಚಿಂತೆ ಏಕೆಂದು ಕೆಲವು ಗೆಳೆಯರು ಕೇಳಬಹುದು. ಲೋಹಿಯಾ ಅವರು ಇಂಗ್ಲಿಷನ್ನು ಕಚೇರಿ, ನ್ಯಾಯಾಲಯಗಳಿಂದ ತೆಗೆಯಬೇಕೆಂದದ್ದು ಅದು ಬಡವನನ್ನು ಹೊರಗಿಡುವ ಬೇಲಿ ಎಂಬ ಕಾರಣಕ್ಕೆ. ಬೇಲಿ ಕೀಳುವ ಹೋರಾಟ ನಡೆಯಲಿ. ಅಲ್ಲಿಯವರೆಗೆ ದಾಟಬೇಕಾದವನನ್ನು ತಡೆಯಲು ನಾವು ಯಾರು?

ಹಣ ಕಟ್ಟುವ ಮೊದಲು ತರಗತಿ ನಡೆಸುವವರನ್ನು ಕೇಳಿ: ಒಂದು ಗಂಟೆಯಲ್ಲಿ ನಾನು ಎಷ್ಟು ನಿಮಿಷ ಮಾತಾಡುತ್ತೇನೆ? ಯಾರೊಡನೆ, ಯಾವುದರ ಬಗ್ಗೆ?