ಪೂರ್ವವರ್ಧಕವನ್ನು ಕೊಳ್ಳುವ ಮುನ್ನ

ಮೂಲೆಗೆ ಬಿದ್ದಿದ್ದ ಗ್ರಾಮಫೋನ್ ತಟ್ಟೆಗಳಿಗೆ ಮತ್ತೆ ಒಳ್ಳೆಯ ಕಾಲ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ವೈನಿಲ್ ತಟ್ಟೆಗಳ ಸಂಖ್ಯೆ ಕಾಂಪ್ಯಾಕ್ಟ್ ಡಿಸ್ಕುಗಳ ಸಂಖ್ಯೆಯನ್ನು ಮೀರಿತು. 1987ರಿಂದೀಚೆಗೆ ಹಾಗಾದುದು ಅದೇ ಮೊದಲು. ನಮ್ಮಲ್ಲಿಯೂ ಅಜ್ಜನ ಕಾಲದ ತಟ್ಟೆಗಳನ್ನು ಅಟ್ಟದಿಂದ ಇಳಿಸಿ, ಹೊಸದೊಂದು ಟರ್ನ್‌ಟೇಬಲನ್ನು ಕೊಂಡು ಕೇಳಲು ಕುಳಿತ ತರುಣರುಂಟು. ಅವರು ಮೊದಲು ಎಡವುವುದು ಪೂರ್ವವರ್ಧಕ, ಎಂದರೆ ಫೋನೋ ಪ್ರಿಆಂಪ್ಲಿಫೈಯರ್, ಎಂಬ ಅಂಗೈಯಗಲದ ಪೆಟ್ಟಿಗೆಯ ಬಳಿಯಲ್ಲಿ. ಅದರ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಹಿಡಿದು ಲಕ್ಷವನ್ನೂ ದಾಟುತ್ತದೆ. ಬೆಲೆಯೊಡನೆ “ಬೆಚ್ಚನೆಯ ನಾದ”, “ಜೀವಂತ ಧ್ವನಿ” ಮೊದಲಾದ ವಿಶೇಷಣಗಳೂ ಏರುತ್ತ ಹೋಗುತ್ತವೆ. ವಿದ್ಯಾರ್ಥಿಯಾದವನು ಈ ವಿಶೇಷಣಗಳಿಗಾಗಿ ಹಣ ತೆರಬೇಕಾದುದಿಲ್ಲವೆಂಬುದೇ ನನ್ನ ಅಭಿಪ್ರಾಯ. ಈ ಪೆಟ್ಟಿಗೆಯ ಕೆಲಸವೆಲ್ಲ ಅಳತೆಗೆ ಸಿಕ್ಕುವಂಥದು.

ಆ ಕೆಲಸಗಳು ಎರಡು. ತಟ್ಟೆಯ ಗೀರಿನಲ್ಲಿ ಮುಳ್ಳು ಅಲುಗಿದಾಗ ಅದಕ್ಕಂಟಿದ ಪುಟ್ಟ ಅಯಸ್ಕಾಂತವೂ ಅಲುಗಿ ಪಕ್ಕದ ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸಾಮಾನ್ಯ ಕಾರ್ಟ್ರಿಜ್ ಕೊಡುವುದು ಸುಮಾರು 4 ಮಿಲಿವೋಲ್ಟ್ ಮಾತ್ರ. ವರ್ಧಕವು ಬೇಡುವುದು ಕೆಲವು ನೂರು ಮಿಲಿವೋಲ್ಟ್. ಆದುದರಿಂದ ನೂರು ಪಟ್ಟು, ಎಂದರೆ 40 ಡೆಸಿಬೆಲ್, ಹಿಗ್ಗಿಸಬೇಕು. ಇದು ಸುಲಭದ ಕೆಲಸ.

ಎರಡನೆಯದು ಸ್ವಾರಸ್ಯವಾದುದು. ಒಂದೇ ವೋಲ್ಟೇಜು ಬರಬೇಕಾದರೆ ಮುಳ್ಳಿನ ವೇಗ ಒಂದೇ ಇರಬೇಕು. ಆಗ 1000 ಹರ್ಟ್ಸಿನ ಸ್ವರಕ್ಕಿಂತ 50 ಹರ್ಟ್ಸಿನ ಸ್ವರಕ್ಕೆ ಮುಳ್ಳು ಇಪ್ಪತ್ತು ಪಟ್ಟು ಅಗಲವಾಗಿ ತೂಗಾಡಬೇಕಾಗುತ್ತದೆ. ಹಾಗೆ ಬಿಟ್ಟರೆ ಒಂದು ಗೀರು ಪಕ್ಕದ ಗೀರಿಗೆ ನುಗ್ಗೀತು! ಮೇಲಿನ ಸ್ವರಗಳೋ ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಆದಕಾರಣ ತಟ್ಟೆಯನ್ನು ಕೊರೆಯುವಾಗಲೇ ಕೆಳಗಿನ ಸ್ವರಗಳನ್ನು ಕುಗ್ಗಿಸಿ, ಮೇಲಿನವನ್ನು ಹಿಗ್ಗಿಸುತ್ತಾರೆ. ಎಷ್ಟೆಂಬುದನ್ನು 1954ರಲ್ಲಿ ಅಮೆರಿಕದ ಧ್ವನಿಮುದ್ರಣೋದ್ಯಮದ ಸಂಘವು ಗೊತ್ತುಪಡಿಸಿತು. ಆರ್‌ಐಎಎ ರೇಖೆಯೆಂದು ಅದಕ್ಕೆ ಹೆಸರು. ಪೂರ್ವವರ್ಧಕವು ಇದನ್ನು ಸರಿಯಾಗಿ ತಿರುಗಿಸಬೇಕು. 1000 ಹರ್ಟ್ಸಿನಲ್ಲಿ ನೂರು ಪಟ್ಟು ಹಿಗ್ಗಿಸುವ ಪೆಟ್ಟಿಗೆ 20 ಹರ್ಟ್ಸಿನಲ್ಲಿ ಒಂಬೈನೂರು ಪಟ್ಟಿಗೂ ಹೆಚ್ಚಾಗಿ, 20,000 ಹರ್ಟ್ಸಿನಲ್ಲಿ ಕೇವಲ ಹತ್ತು ಪಟ್ಟಿನಷ್ಟು ಹಿಗ್ಗಿಸಬೇಕು. ಇಷ್ಟನ್ನು ಮಾಡಲು ಬೇಕಾದುದು ನಾಲ್ಕಾರು ನಿಖರವಾದ ರೋಧಕಗಳೂ ಧಾರಕಗಳೂ, ಒಂದು ಚಿಪ್ಪೂ ಅಷ್ಟೆ. ನಾಲ್ಕು ದಶಕಗಳಿಂದ ಬಳಕೆಯಲ್ಲಿರುವ ಎನ್‌ಇ5532 ಎಂಬ ಚಿಪ್ಪು ಒಂದೆರಡು ಕಾಫಿಯ ಬೆಲೆಗೆ ದೊರೆಯುತ್ತದೆ. ಅದರ ಸ್ವಂತ ಗದ್ದಲವು ತಟ್ಟೆಯ ಮೈಮೇಲಿನ ಗದ್ದಲಕ್ಕಿಂತ ಎಷ್ಟೋ ಕಡಿಮೆ.

ಹಾಗಾದರೆ ಅಗ್ಗದ ಪೆಟ್ಟಿಗೆಗಳೆಲ್ಲವೂ ಒಂದೇ ಎಂದಲ್ಲ. ಅಗ್ಗದಲ್ಲಿಯೂ ಒಳ್ಳೆಯದು, ಕೆಟ್ಟದ್ದು ಉಂಟು. ಕೊಳ್ಳುವವನು ಮೊದಲು ಕೇಳಬೇಕಾದುದು, ಆರ್‌ಐಎಎ ರೇಖೆಯಿಂದ ಎಷ್ಟು ಡೆಸಿಬೆಲ್ ತಪ್ಪುತ್ತದೆ ಎಂಬುದನ್ನು. ಅರ್ಧ ಡೆಸಿಬೆಲ್ಲಿನೊಳಗಿದ್ದರೆ ಸಂತೋಷದಿಂದ ಕೊಳ್ಳಬಹುದು. ಅಂಕೆಯನ್ನೇ ಹೇಳದ ತಯಾರಕನನ್ನು ನಾನಂತೂ ನಂಬಲಾರೆ. ಬಳಿಕ ಕೇಳಬೇಕಾದುದು, ಎಷ್ಟು ಮಿಲಿವೋಲ್ಟಿನವರೆಗೆ ಅದು ಸ್ವರವನ್ನು ಕೆಡಿಸದೆ ತಾಳಿಕೊಳ್ಳುತ್ತದೆ ಎಂಬುದನ್ನು. ಏರುಸ್ವರಗಳೂ ಗೀಚುಗಳೂ 4 ಮಿಲಿವೋಲ್ಟಿನ ಹಲವು ಪಟ್ಟು ಜಿಗಿಯುತ್ತವೆ. 9 ವೋಲ್ಟಿನಿಂದ ನಡೆಯುವ ಪೆಟ್ಟಿಗೆ 28 ಮಿಲಿವೋಲ್ಟಿನ ಆಸುಪಾಸಿನಲ್ಲಿಯೇ ಕೈಚೆಲ್ಲುತ್ತದೆ. ಎರಡು ಕಡೆಗೂ 15 ವೋಲ್ಟ್ ಇರುವುದು 90ರವರೆಗೆ ತಾಳುತ್ತದೆ. ಇಂಥ ಕಡೆ ಒಂದಿಷ್ಟು ಹೆಚ್ಚು ಹಣ ಕೊಟ್ಟರೆ ಅದಕ್ಕೆ ಅರ್ಥವುಂಟು.

ಇನ್ನು ಯಾರೂ ಮಾತನಾಡದ ಸಂಗತಿಯೊಂದಿದೆ: ಧಾರಕತೆ. ಆಡಿಯೋ-ಟೆಕ್ನಿಕಾ ಕಂಪೆನಿಯ ವಿಎಂ95ಇ ಎಂಬ, ಹೊಸಬರು ಸಾಮಾನ್ಯವಾಗಿ ಕೊಳ್ಳುವ ಕಾರ್ಟ್ರಿಜ್ಜನ್ನು ತೆಗೆದುಕೊಳ್ಳಿ. ಅದರ ಸುರುಳಿಯ ಇಂಡಕ್ಟನ್ಸ್ 0.55 ಹೆನ್ರಿ. ಕೇಬಲು, ಪೂರ್ವವರ್ಧಕ ಎರಡೂ ಸೇರಿ 200 ಪಿಕೋಫ್ಯಾರಡ್ ಧಾರಕತೆಯನ್ನು ಒಡ್ಡಿದರೆ ಅನುರಣನವು ಸುಮಾರು 15,000 ಹರ್ಟ್ಸಿನಲ್ಲಾಗುತ್ತದೆ. ಕಾಲೇಜಿನಲ್ಲಿ ಕಲಿತ ಸೂತ್ರದಿಂದ ನೀವೇ ಗುಣಿಸಿ ನೋಡಿ. ಅದು 400 ಆದರೋ, ಅನುರಣನವು 10,700ಕ್ಕೆ ಇಳಿದು, ಅಲ್ಲಿ ಧ್ವನಿ ಉಬ್ಬಿ ಆಚೆಗೆ ಬೇಗನೆ ಕುಸಿಯುತ್ತದೆ. ತಾಳದ ಝಣತ್ಕಾರ ಕರ್ಕಶವಾಗುವುದು ಹೀಗೆ. ಕೇಳುವವನು ಪೆಟ್ಟಿಗೆ ಅಗ್ಗದ್ದೆಂದು ಹಳಿದು ದುಬಾರಿಯಾದುದನ್ನು ತರುತ್ತಾನೆ. ಅದರ ಧಾರಕತೆಯೂ ಅಷ್ಟೇ ಇದ್ದರೆ ಕರ್ಕಶತೆಯೂ ಅಷ್ಟೇ ಉಳಿಯುತ್ತದೆ. ಎಆರ್‌ಟಿ ಕಂಪೆನಿಯ ಡಿಜೆ ಪ್ರಿ 2ರಂಥ ಸಣ್ಣ ಬೆಲೆಯ ಪೆಟ್ಟಿಗೆಯಲ್ಲಿ ಧಾರಕತೆಯನ್ನು ಬದಲಿಸುವ ಗುಂಡಿಯೇ ಇದೆಯೆಂಬುದು ಗಮನಿಸತಕ್ಕ ವಿಷಯ.

ಗುಂಯ್ಗುಡುವಿಕೆಯ ದೂರೂ ಇಂಥದೇ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸಿನದು. ಆ ಆವೃತ್ತಿಯಲ್ಲಿ ಪೂರ್ವವರ್ಧಕವು ಏಳುನೂರು ಪಟ್ಟು ಹಿಗ್ಗಿಸುತ್ತದೆ. ಕೇವಲ 5 ಮೈಕ್ರೋವೋಲ್ಟ್ ಒಳನುಸುಳಿದರೂ ಹೊರಗೆ ಮೂರೂವರೆ ಮಿಲಿವೋಲ್ಟಾಗಿ ಗುಂಯ್ಗುಡುತ್ತದೆ. ಮದ್ದು ಚಿನ್ನದ ಲೇಪದ ಪ್ಲಗ್ಗಲ್ಲ, ಟರ್ನ್‌ಟೇಬಲಿನ ಭೂತಂತಿಯನ್ನು ಬಿಗಿಯಾಗಿ ಕಟ್ಟುವುದು, ಟ್ರಾನ್ಸ್‌ಫಾರ್ಮರನ್ನು ದೂರವಿಡುವುದು.

ಅಂದ ಹಾಗೆ, ಟರ್ನ್‌ಟೇಬಲಿನ ಹಿಂಬದಿಯಲ್ಲಿ “ಫೋನೋ–ಲೈನ್” ಎಂಬ ಗುಂಡಿಯಿದ್ದರೆ, ಅಥವಾ ಮನೆಯ ಹಳೆಯ ವರ್ಧಕದಲ್ಲಿ “ಫೋನೋ” ಎಂಬ ತೂತಿದ್ದರೆ, ಪೂರ್ವವರ್ಧಕವು ಆಗಲೇ ನಿಮ್ಮಲ್ಲಿದೆ. ಅದನ್ನು ಮೊದಲು ಕೇಳಿ ನೋಡಿ. ಉಳಿದ ಹಣವನ್ನು ಒಳ್ಳೆಯ ಮುಳ್ಳಿಗೆ ವೆಚ್ಚಮಾಡುವುದು ಲೇಸು, ಏಕೆಂದರೆ ತಟ್ಟೆಯನ್ನು ಮುಟ್ಟುವುದು ಅದೊಂದೇ.

ಅಳತೆಯಿಂದೇನು, ಕಿವಿಯೇ ಪ್ರಮಾಣವಲ್ಲವೇ ಎಂದು ಸಂಗೀತರಸಿಕರು ಕೇಳಿಯಾರು. ಕಿವಿಯೇ ಪ್ರಮಾಣ, ಒಪ್ಪಿದೆ. ಆದರೆ ಎರಡು ಪೆಟ್ಟಿಗೆಗಳಲ್ಲಿ ಒಂದು ತುಸುವೇ ಜೋರಾಗಿದ್ದರೂ ಕಿವಿ ಅದನ್ನೇ ಮಧುರವೆನ್ನುತ್ತದೆ. ಎರಡರ ಗಟ್ಟಿತನವನ್ನು ವೋಲ್ಟ್‌ಮೀಟರಿನಿಂದ ಸರಿದೂಗಿಸದೆ, ಯಾವುದು ಯಾವುದೆಂದು ಮರೆಮಾಡದೆ ಕೊಟ್ಟ ತೀರ್ಪಿಗೆ ಬೆಲೆಯಿಲ್ಲ. ತೀರ ಕ್ಷೀಣವಾದ ವಿದ್ಯುತ್ತನ್ನು ಕೊಡುವ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ಜಿಗೆ ಮಾತ್ರ ಸಾವಿರ ಪಟ್ಟು ವರ್ಧನೆ ಬೇಕು. ಅಲ್ಲಿ ಗದ್ದಲವನ್ನು ಅಡಗಿಸುವುದು ನಿಜಕ್ಕೂ ಕಷ್ಟ, ಬೆಲೆಗೂ ಕಾರಣವುಂಟು. ಹೊಸಬನು ಆ ಗೊಡವೆಗೆ ಹೋಗಬೇಕಾಗಿಲ್ಲ.

ಅಟ್ಟದಿಂದ ಇಳಿದುದು 78 ಸುತ್ತಿನ ತಟ್ಟೆಯಾದರೆ ಮಾತು ಬೇರೆ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು ಹಾಡಿದ ತಟ್ಟೆಗಳನ್ನು ಕೊರೆದಾಗ ಆರ್‌ಐಎಎ ರೇಖೆಯೇ ಇರಲಿಲ್ಲ. ಆರ್‌ಐಎಎ ರೇಖೆಯೊಂದನ್ನೇ ಬಲ್ಲ ಪೆಟ್ಟಿಗೆಯನ್ನು ಹಾಕಿದರೆ ಅವುಗಳ ಸ್ವರ ಸ್ವಲ್ಪ ಮಂಕಾಗಿಯೇ ಬರುತ್ತದೆ. ಅವುಗಳಿಗೆ ಅಗಲವಾದ ಮುಳ್ಳು ಬೇಕು, ರೇಖೆಯನ್ನು ಕಂಪ್ಯೂಟರಿನಲ್ಲಿ ತಿದ್ದಿಕೊಳ್ಳಬೇಕು.

ಕೊಂಡ ಪೆಟ್ಟಿಗೆಯನ್ನು ಪರೀಕ್ಷಿಸಲು ಕಾಲೇಜಿನ ಪ್ರಯೋಗಶಾಲೆ ಸಾಕು. ಸಂಕೇತಜನಕದ 4 ವೋಲ್ಟನ್ನು 1 ಲಕ್ಷ ಓಮ್ ಮತ್ತು 100 ಓಮ್‌ಗಳ ಎರಡು ರೋಧಕಗಳಿಂದ ಸಾವಿರದಲ್ಲೊಂದು ಪಾಲಿಗೆ ಇಳಿಸಿ ಒಳಗೆ ಕೊಡಿ. 1000 ಹರ್ಟ್ಸಿನಲ್ಲಿ 400 ಮಿಲಿವೋಲ್ಟ್ ಹೊರಬಂದರೆ, 100 ಹರ್ಟ್ಸಿನಲ್ಲಿ 1.8 ವೋಲ್ಟೂ 10,000 ಹರ್ಟ್ಸಿನಲ್ಲಿ 82 ಮಿಲಿವೋಲ್ಟೂ ಬರಬೇಕು. ನೂರಕ್ಕೆ ಆರರಷ್ಟು ಆಚೀಚೆಯಾದರೆ ಚಿಂತೆಯಿಲ್ಲ. ಇನ್ನೂ ಹೆಚ್ಚಾದರೆ ಅಂಗಡಿಗೆ ಹಿಂದಿರುಗಿಸಿ.