ಬಣ್ಣದ ಆಮೆಯೂ ಬೀಗ ಹಾಕಿದ ಕೋಣೆಯೂ

ಗೋಕಾಕ, ಮೂಡಲಗಿ, ಹುಕ್ಕೇರಿಗಳು ನನಗೆ ಹೊಸ ಊರುಗಳಲ್ಲ. ಸೇವೆಯ ಆರಂಭದ ವರ್ಷಗಳನ್ನು ಆ ಭಾಗದಲ್ಲೇ ಕಳೆದವನು ನಾನು. ಆಗ ಮೂಡಲಗಿ ಗೋಕಾಕ ತಾಲ್ಲೂಕಿನ ಒಂದು ಊರು. ಅದು ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ನಿವೃತ್ತಿಯ ನಂತರ, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ನೇಹಿತರೊಬ್ಬರ ಜೊತೆಗೆ, ಈ ಮೂರು ತಾಲ್ಲೂಕುಗಳ ಕೆಲವು ಶಾಲೆಗಳಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ಬಂದೆ. ಕಲಿಸುವ ವಿಧಾನ ಸರಳ. ಪರದೆಯ ಮೇಲೆ ಒಂದು ಪುಟ್ಟ ಆಮೆ. ‘100 ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು’ ಎಂದು ಬರೆದರೆ ಅದು ಹಾಗೆಯೇ ಮಾಡುತ್ತದೆ. ನಡೆದ ದಾರಿಯಲ್ಲಿ ಬಣ್ಣದ ಗೆರೆ ಉಳಿಯುತ್ತದೆ. ಇದನ್ನೇ ನಾಲ್ಕು ಸಲ ಮಾಡಿಸಿದರೆ ಚೌಕ.

ಮೂಡಲಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ತ್ರಿಕೋನ ಬರೆಯಹೊರಟಳು. ಸಮಭುಜ ತ್ರಿಕೋನದ ಪ್ರತಿ ಕೋನವೂ 60 ಡಿಗ್ರಿ ಎಂಬುದು ಅವಳಿಗೆ ಬಾಯಿಪಾಠ. ಆದ್ದರಿಂದ ಮೂರು ಸಲವೂ 60 ಡಿಗ್ರಿ ತಿರುಗಿಸಿದಳು. ಆಮೆ ತ್ರಿಕೋನ ಬರೆಯಲಿಲ್ಲ, ಅರ್ಧ ಬಟ್ಟಲಿನಂಥ ಆಕೃತಿ ಬರೆದು ನಿಂತಿತು. ‘ಏನವ್ವ, ಯಂತ್ರ ತಪ್ಪು ಮಾಡಿತೇ?’ ಎಂದು ಕೇಳಿದೆ. ಅವಳು ಒಂದು ಕ್ಷಣ ನೋಡಿ, ‘ಇಲ್ಲರೀ ಸರ, ಅದು ನಾ ಹೇಳಿದಂಗ ಮಾಡೈತಿ, ನಾನ ತಪ್ಪ ಹೇಳೀನಿ’ ಎಂದಳು. ಅನಂತರ ಎದ್ದು ನೆಲದ ಮೇಲೆ ತಾನೇ ತ್ರಿಕೋನಾಕಾರದಲ್ಲಿ ನಡೆದು ನೋಡಿದಳು. ಮೂಲೆಯಲ್ಲಿ ತಾನು ತಿರುಗಬೇಕಾದದ್ದು ಒಳಕೋನದಷ್ಟಲ್ಲ, ಹೊರಕೋನದಷ್ಟು, ಅಂದರೆ 120 ಡಿಗ್ರಿ ಎಂಬುದು ಹೊಳೆಯಲು ಅವಳಿಗೆ ಹತ್ತು ನಿಮಿಷ ಹಿಡಿಯಿತು. ಈ ನಡುವೆ ಪಕ್ಕದ ಹುಡುಗ 60 ಡಿಗ್ರಿಯ ಅದೇ ‘ತಪ್ಪನ್ನು’ ಆರು ಸಲ ಮಾಡಿಸಿ ಜೇನುಗೂಡಿನ ಮನೆ ಬರೆದಿದ್ದ.

ನಮ್ಮ ಶಾಲೆಗಳಲ್ಲಿ ತಪ್ಪು ಎಂದರೆ ಕೆಂಪು ಶಾಯಿ. ಅದನ್ನು ಕಂಡುಹಿಡಿಯುವವರು ಬೇರೆಯವರು, ಅದೂ ವಾರ ಕಳೆದ ಮೇಲೆ. ಆಮೆಯ ಚಿತ್ರದಲ್ಲಿ ತಪ್ಪು ಅದನ್ನು ಮಾಡಿದವರ ಕಣ್ಣಿಗೇ, ಮಾಡಿದ ಕ್ಷಣದಲ್ಲೇ ಬೀಳುತ್ತದೆ. ಅವಮಾನವಿಲ್ಲ, ತಿದ್ದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ, ಕಬ್ಬಿನ ಗದ್ದೆಯ ಕೂಲಿಯವರ ಮಕ್ಕಳಿಗೆ ಇದರ ಬೆಲೆ ಎಷ್ಟೆಂಬುದನ್ನು ನಗರದ ಓದುಗರಿಗೆ ವಿವರಿಸುವುದು ಕಷ್ಟ.

ಈ ಆಮೆ ಹೊಸದೇನೂ ಅಲ್ಲ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ವಾಲಿ ಫರ್ಜಿಗ್ ಮತ್ತು ಸಿಂಥಿಯಾ ಸಾಲಮನ್ ರೂಪಿಸಿದ ‘ಲೋಗೋ’ ಭಾಷೆಗೆ ಕೆಲವೇ ವರ್ಷಗಳಲ್ಲಿ ಸೇರಿಕೊಂಡ ಪ್ರಾಣಿ ಅದು. ಪ್ಯಾಪರ್ಟ್ ಜಿನೀವಾದಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆಯ ಜೊತೆ ಕೆಲಸ ಮಾಡಿದವರು. ಯಂತ್ರ ಮಗುವಿಗೆ ಪಾಠ ಹೇಳಬಾರದು, ಮಗುವೇ ಯಂತ್ರಕ್ಕೆ ಪಾಠ ಹೇಳಬೇಕು ಎಂಬುದು ಅವರ ವಾದದ ತಿರುಳು. 2007ರಲ್ಲಿ ಎಂಐಟಿಯ ಮಿಚೆಲ್ ರೆಸ್ನಿಕ್ ಅವರ ತಂಡ ಬಿಡುಗಡೆ ಮಾಡಿದ ‘ಸ್ಕ್ರ್ಯಾಚ್’ ಇದೇ ವಂಶದ್ದು. ಅಲ್ಲಿ ಆದೇಶಗಳನ್ನು ಬರೆಯಬೇಕಿಲ್ಲ, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು. ಚಲನೆಯ ತುಂಡು ನೀಲಿ, ನಿಯಂತ್ರಣದ್ದು ಕಿತ್ತಳೆ, ಲೆಕ್ಕದ್ದು ಹಸಿರು. ಅಂದರೆ ಇಲ್ಲಿ ಬಣ್ಣ ಅಲಂಕಾರವಲ್ಲ, ವ್ಯಾಕರಣ. ನಾಮಪದ, ಕ್ರಿಯಾಪದಗಳನ್ನು ನಾವು ಗುರುತಿಸುವಂತೆ ಮಗು ಆದೇಶದ ಜಾತಿಯನ್ನು ಬಣ್ಣದಿಂದ ಗುರುತಿಸುತ್ತದೆ. ನಮ್ಮ ಅಧಿಕಾರಿಗಳಿಗೆ ಇದು ಇನ್ನೂ ತಿಳಿದಂತಿಲ್ಲ. ‘ಮಕ್ಕಳಿಗೆ ಆಕರ್ಷಕವಾಗಿರಲಿ’ ಎಂದು ಅವರು ಬಣ್ಣದ ಅನಿಮೇಷನ್ ಪಾಠಗಳನ್ನು ಕೊಳ್ಳುತ್ತಾರೆ. ಮಕ್ಕಳು ಕೈಕಟ್ಟಿ ಕುಳಿತು ನೋಡುತ್ತಾರೆ. ಬಣ್ಣವೇನೋ ಅಲ್ಲೂ ಇದೆ, ಆದರೆ ಆದೇಶ ಕೊಡುವವರು ಬೇರೆಯವರು.

ಅತಿಶಯೋಕ್ತಿಯೂ ಬೇಡ. 1980ರ ದಶಕದಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಅವರು ಲೋಗೋ ಕಲಿತ ಮಕ್ಕಳನ್ನು ಪರೀಕ್ಷಿಸಿದಾಗ, ಯೋಜಿಸಿ ಕೆಲಸ ಮಾಡುವ ಶಕ್ತಿಯಲ್ಲಿ ಅವರು ಉಳಿದವರಿಗಿಂತ ಮುಂದಿದ್ದುದು ಕಂಡುಬರಲಿಲ್ಲ. ಮಕ್ಕಳನ್ನು ಆಮೆಯ ಜೊತೆ ಬಿಟ್ಟರೆ ಬುದ್ಧಿ ತಾನೇ ಬೆಳೆಯುತ್ತದೆ ಎಂಬ ನಂಬಿಕೆಗೆ ಅದು ಪೆಟ್ಟು ಕೊಟ್ಟಿತು. ‘ಏಕೆ ಹೀಗಾಯಿತು?’ ಎಂದು ಸರಿಯಾದ ಹೊತ್ತಿಗೆ ಕೇಳುವ ಶಿಕ್ಷಕರು ಪಕ್ಕದಲ್ಲಿರಬೇಕು. ನಮ್ಮ ಸಮಸ್ಯೆ ಇರುವುದೂ ಅಲ್ಲೇ.

ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಗಳನ್ನು ಕೊಟ್ಟದ್ದು 1984ರ ಸುಮಾರಿಗೆ. ಕರ್ನಾಟಕದಲ್ಲಿ 2001ರ ಹೊತ್ತಿಗೆ ‘ಮಾಹಿತಿ ಸಿಂಧು’ ಬಂತು, ಸಾವಿರ ಪ್ರೌಢಶಾಲೆಗಳಿಗೆ. ಅನಂತರ ‘ಐಸಿಟಿ’ ಹಂತಗಳು, 2016ರಿಂದೀಚೆಗೆ ‘ಟ್ಯಾಲ್ಪ್’. ರಾಷ್ಟ್ರೀಯ ಶಿಕ್ಷಣ ನೀತಿ 2020 ಮಾಧ್ಯಮಿಕ ಹಂತದಲ್ಲಿ ಕೋಡಿಂಗ್ ಎಂದಿತು. ಹೆಸರು ಬದಲಾದರೂ ಲೆಕ್ಕದ ಶೀರ್ಷಿಕೆ ಬದಲಾಗಲಿಲ್ಲ: ಯಂತ್ರಕ್ಕೆ ಬಂಡವಾಳ ವೆಚ್ಚ ಧಾರಾಳ, ಕಲಿಸುವವರಿಗೆ ರಾಜಸ್ವ ವೆಚ್ಚ ಜಿಪುಣ. ಕಾರಣ ನನಗೆ ಗೊತ್ತು. ಯಂತ್ರ ಕೊಂಡರೆ ಮಾರ್ಚ್ 31ರೊಳಗೆ ಹಣ ಬಳಕೆಯ ಪ್ರಮಾಣಪತ್ರ ಕೊಡಬಹುದು. ಶಿಕ್ಷಕರ ಒಂದು ಗಂಟೆಯನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸುವುದು ಹೇಗೆ? ಅಂಥ ಪ್ರಮಾಣಪತ್ರಗಳಿಗೆ ನಾನೂ ಸಹಿ ಮಾಡಿದ್ದೇನೆ; ಪೆಟ್ಟಿಗೆ ಬಿಚ್ಚಿದರೇ ಎಂದು ಹೋಗಿ ನೋಡಿದವನಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ನಡೆಯುವ ಸ್ಥಿತಿಯಲ್ಲಿರುವ ಗಣಕಗಳು ಹತ್ತು, ತರಗತಿಯಲ್ಲಿ ನಲವತ್ತು ಮಕ್ಕಳು, ವಾರಕ್ಕೊಂದು ನಲವತ್ತು ನಿಮಿಷದ ಅವಧಿ ಎಂದುಕೊಳ್ಳಿ. ಪ್ರತಿ ಮಗುವಿನ ಕೈಗೆ ಕೀಲಿಮಣೆ ಸಿಗುವುದು ವಾರಕ್ಕೆ ಹತ್ತು ನಿಮಿಷ. ವರ್ಷಕ್ಕೆ ಮೂವತ್ತು ವಾರ ಪಾಠ ನಡೆದರೆ ಐದು ಗಂಟೆ. ತ್ರಿಕೋನದ ಹುಡುಗಿಯ ಆ ಹತ್ತು ನಿಮಿಷ ಒಂದು ವಾರದ ಪೂರ್ತಿ ಪಾಲು. ಇದು ಎಲ್ಲವೂ ಸರಿಯಿದ್ದಾಗಿನ ಮಾತು. ನಾನು ಹೋದ ಒಂದು ಪ್ರೌಢಶಾಲೆಯಲ್ಲಿ ಯಂತ್ರಗಳಿದ್ದವು, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಯುಪಿಎಸ್ ಬ್ಯಾಟರಿ ಸತ್ತು ಬಹಳ ಕಾಲವಾಗಿತ್ತು. ಕಳುವಾದರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯದಿಂದ ಮುಖ್ಯೋಪಾಧ್ಯಾಯರು ಕೋಣೆಗೆ ಎರಡು ಬೀಗ ಹಾಕಿಸಿದ್ದರು. ಅವರನ್ನು ದೂರುವ ಮನಸ್ಸು ನನಗಾಗಲಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ, ಅದು ಕನ್ನಡದಲ್ಲೇ ಇದೆ. ಕಾಸರಗೋಡಿಗೆ ಹೋಗಿ ನೋಡಬೇಕು, ಅಷ್ಟೆ. ಕೇರಳ 2001ರಲ್ಲಿ ‘ಐಟಿ@ಸ್ಕೂಲ್’ ಆರಂಭಿಸಿತು. ಅದೇ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಯಿತು. ಅಲ್ಲಿ ಗಣಕ ಕಲಿಸುವವರು ಹೊರಗಿನ ಗುತ್ತಿಗೆದಾರರ ಜನರಲ್ಲ. ಗಣಿತವನ್ನೋ ಭಾಷೆಯನ್ನೋ ಕಲಿಸುವ ಕಾಯಂ ಶಿಕ್ಷಕರೇ ತರಬೇತಿ ಪಡೆದು ಆ ಹೊಣೆ ಹೊರುತ್ತಾರೆ. ಬಳಸುವುದು ಮುಕ್ತ ತಂತ್ರಾಂಶ. ಪ್ರಾಥಮಿಕ ತರಗತಿಗಳ ಪುಸ್ತಕದ ಹೆಸರು ‘ಕಳಿಪ್ಪೆಟ್ಟಿ’, ಅಂದರೆ ಆಟಿಕೆಯ ಪೆಟ್ಟಿಗೆ. 2018ರಲ್ಲಿ ಶುರುವಾದ ‘ಲಿಟಲ್ ಕೈಟ್ಸ್’ ಕೂಟಗಳಲ್ಲಿ ಪ್ರೌಢಶಾಲೆಯ ಮಕ್ಕಳು ಸ್ಕ್ರ್ಯಾಚ್ ಕಲಿಯುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಐಸಿಟಿ ಪಠ್ಯವನ್ನು ಆ ಸರ್ಕಾರ ಕನ್ನಡದಲ್ಲೂ ಕೊಡುತ್ತದೆ. ಗಡಿಯಾಚೆಯ ಸರ್ಕಾರ ಸಿದ್ಧಪಡಿಸಿದ ಕನ್ನಡ ಪುಸ್ತಕವನ್ನು ಗೋಕಾಕದ ಶಿಕ್ಷಕರ ಕೈಗೆ ತಲುಪಿಸಲು ನಮಗೆ ಯಾವ ಒಪ್ಪಂದ ಬೇಕು?

ಭಾಷೆಯ ಮಾತು ಬಂದಾಗ ಇನ್ನೊಂದು ಪ್ರಸಂಗ ನೆನಪಾಗುತ್ತದೆ. ‘ರಿಪೀಟ್’ ಎಂಬುದಕ್ಕೆ ನನ್ನ ಸ್ನೇಹಿತರು ‘ಪುನರಾವರ್ತಿಸು’ ಎಂದು ಬರೆದಿದ್ದರು. ಹುಕ್ಕೇರಿ ತಾಲ್ಲೂಕಿನ ಮಕ್ಕಳು ಅದನ್ನು ಉಚ್ಚರಿಸಲು ಒದ್ದಾಡಿದರು. ‘ತಿರುಗು’ ಕೂಡ ಅವರ ಬಾಯಿಗೆ ಒಗ್ಗಲಿಲ್ಲ. ರೈತರ ಮನೆಯ ಹುಡುಗನೊಬ್ಬ, ‘ಹೊಳ್ಳು ಅಂತ ಬರೀರಿ ಸರ, ಎತ್ತಿಗೂ ಹಂಗ ಅಂತೀವಿ’ ಎಂದ. ಅಂದಿನಿಂದ ಕರಿಹಲಗೆಯ ಮೇಲೆ ಆಮೆ ‘ಬಲಕ್ಕ ಹೊಳ್ಳು’ತ್ತಿದೆ. ಪ್ರಮಾಣ ಭಾಷೆಯ ಪಕ್ಷಪಾತಿಯಾದ ನನಗೂ ಅದೇ ಸರಿಯೆನಿಸಿತು.

ಈ ಮಕ್ಕಳು ಖಾಲಿ ಕೈಯಲ್ಲಿ ಬಂದವರಲ್ಲ. ಗೋಕಾಕದ ಬಣ್ಣದ ಮರದ ಗೊಂಬೆಗಳು ಹೆಸರಾದವು. ಈ ಸೀಮೆಯ ಹೆಂಗಸರು ಹಾಕುವ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ದಾರ ಎಳೆ ಎಣಿಸುತ್ತ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಮರಳಬೇಕು; ಬಟ್ಟೆಯ ಎರಡು ಮಗ್ಗುಲೂ ಒಂದೇ ರೀತಿ ಕಾಣಬೇಕು. ಇದು ಪ್ರೋಗ್ರಾಮ್ ಅಲ್ಲದೆ ಮತ್ತೇನು? ಹೆಂಗಸರು ಅಂಗಳದಲ್ಲಿ ಬರೆಯುವ ಕೋಲಂನ ಆಕೃತಿಗಳಿಂದ ಮದರಾಸಿನ ಸಿರೊಮನಿ ದಂಪತಿ ಮತ್ತು ಕಮಲಾ ಕೃತಿವಾಸನ್ 1970ರ ದಶಕದಲ್ಲೇ ಗಣಕ ವಿಜ್ಞಾನದ ವ್ಯಾಕರಣಗಳನ್ನು ಕಟ್ಟಿದ್ದರು. ನಮ್ಮ ಕಸೂತಿಯೂ ಆಮೆಯ ಪಾಠವಾಗಬಹುದು.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಮುಂದಿನ ಖರೀದಿಯ ಒಂದು ಭಾಗವನ್ನು ತಡೆದು, ನಾಲ್ಕೈದು ಶಾಲೆಗಳಿಗೆ ಒಬ್ಬ ಸಂಚಾರಿ ಶಿಕ್ಷಕರನ್ನು ಕೊಡಿ. ಲೋಗೋ, ಸ್ಕ್ರ್ಯಾಚ್ ಎರಡಕ್ಕೂ ಕಾಸಿಲ್ಲ. ಶಾಲೆಯ ಕೋಣೆ ತೆರೆಯದಿದ್ದರೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿವೆ, ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. ಹಲವೆಡೆ ಗಣಕಗಳೂ ಬಂದಿವೆ. ವಿದ್ಯುತ್ತನ್ನು ಊರೂರಿಗೆ ಮುಟ್ಟಿಸಲು 1969ರಲ್ಲೇ ಗ್ರಾಮೀಣ ಸಹಕಾರ ಸಂಘ ಕಟ್ಟಿಕೊಂಡ ತಾಲ್ಲೂಕು ಹುಕ್ಕೇರಿ. ಒಬ್ಬ ಶಿಕ್ಷಕರನ್ನು ಹಂಚಿಕೊಳ್ಳುವುದು ಅದಕ್ಕಿಂತ ಕಠಿಣವೆಂದು ನನಗೆ ತೋರುವುದಿಲ್ಲ.

ಆ ಎರಡು ಬೀಗದ ಶಾಲೆಯಿಂದ ಹೊರಡುವಾಗ ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಗೇಟಿನವರೆಗೆ ಬಂದರು. ಅವರ ವಹಿಯಲ್ಲಿ ಮುರ್ಗಿಯ ಒಂದು ಸಾಲಿಗೆ ಬೇಕಾದ ಆದೇಶಗಳು ಪೆನ್ಸಿಲಿನಲ್ಲಿದ್ದವು: ಮುಂದಕ್ಕೆ 10, ಬಲಕ್ಕ ಹೊಳ್ಳು, ಮುಂದಕ್ಕೆ 10, ಎಡಕ್ಕ ಹೊಳ್ಳು. ಸರಿಯಿದೆಯೇ ನೋಡಿ ಎಂದರು. ಯಂತ್ರದಲ್ಲಿ ನಡೆಸಿ ನೋಡಿದರೆ ನಿಮಗೇ ತಿಳಿಯುತ್ತದೆ ಎಂದೆ. ಅವರು ಬೀಗದ ಕಡೆ ನೋಡಿದರು.