ಒಳ್ಳೆಯವನಾಗಿರುವುದೇ ಟ್ವಿಸ್ಟಾ?

ಅಲಾರಾಂ ಹೊಡೆಯುತ್ತದೆ. ಒಂದು ಕೈ ಬಂದು ಅದನ್ನು ಆಫ್ ಮಾಡುತ್ತದೆ. ಹಲ್ಲುಜ್ಜುವುದು, ಕನ್ನಡಿ, ಬ್ಯಾಗು, ಬಸ್ಸು. ನಮ್ಮ ವಯಸ್ಸಿನವರು ಮಾಡುವ ಎಷ್ಟೋ ಕಿರುಚಿತ್ರಗಳು ಶುರುವಾಗುವುದೇ ಹೀಗೆ. ಕೊನೆಯಲ್ಲಿ ಪಿಯಾನೋ, ಕಪ್ಪು ಪರದೆ ಮೇಲೆ ಬಿಳಿ ಅಕ್ಷರದ ಸಂದೇಶ. ಅದಕ್ಕೂ ಅರ್ಧ ನಿಮಿಷ ಮುಂಚೆ ಟ್ವಿಸ್ಟ್: ನಾಯಕ ಆಗಲೇ ಸತ್ತಿದ್ದ, ಇಲ್ಲವೇ ಎಲ್ಲವೂ ಕನಸು. ಇದಕ್ಕೆಲ್ಲ ನಕ್ಕು ಸುಮ್ಮನಾಗಬಹುದು. ನನ್ನ ತಕರಾರು ಇನ್ನೊಂದು ಟ್ವಿಸ್ಟ್ ಬಗ್ಗೆ.

ಗಡ್ಡ, ಟೋಪಿ, ಕೈಯಲ್ಲೊಂದು ಚೀಲ. ಬಸ್ಸಿನಲ್ಲಿ ಎಲ್ಲರೂ ಅವನನ್ನೇ ನೋಡುತ್ತಾರೆ. ಮ್ಯೂಸಿಕ್ ಜೋರಾಗುತ್ತದೆ. ಕೊನೆಗೆ ಚೀಲ ತೆರೆದರೆ ಔಷಧಿ, ಇಲ್ಲವೇ ಮಗಳಿಗೆ ಗೊಂಬೆ. ಚಪ್ಪಾಳೆ! ಮಾಡಿದವರ ಮನಸ್ಸು ಒಳ್ಳೆಯದೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಟ್ವಿಸ್ಟ್ ನಡೆಯಬೇಕಾದರೆ ನೋಡುವವರು ಮೊದಲು ಅವನನ್ನು ಅನುಮಾನಿಸಲೇಬೇಕು. ನಮ್ಮ ಅಬ್ಬು ದಿನಾ ಇದೇ ಗಡ್ಡ, ಇದೇ ಟೋಪಿಯಲ್ಲಿ, ಇಂಥದ್ದೇ ಚೀಲ ಹಿಡಿದು ಬನಶಂಕರಿ ಬಸ್ಸು ಹತ್ತುತ್ತಾರೆ. ಅದರಲ್ಲಿ ಊಟದ ಡಬ್ಬಿ ಇದ್ದರೆ ಯಾರಿಗಾದರೂ ಯಾಕೆ ಆಶ್ಚರ್ಯವಾಗಬೇಕು?

'ಐದು ನಿಮಿಷದಲ್ಲಿ ಪಾತ್ರ ಪರಿಚಯ ಮಾಡೋಕೆ ಟೈಮ್ ಎಲ್ಲಿದೆ' ಎನ್ನುತ್ತಾರೆ. ಅದಕ್ಕೇ ಸುರ್ಮಾ, ಬಿರಿಯಾನಿ, 'ನಮ್ದುಕೆ ನಿಮ್ದುಕೆ' ಕನ್ನಡ. ಸಮಯ ಕಡಿಮೆ ಎನ್ನುವುದು ನಿಜ. ಆಸ್ಕರ್‌ನವರು ಕಿರುಚಿತ್ರಕ್ಕೆ 40 ನಿಮಿಷದವರೆಗೆ ಬಿಡುತ್ತಾರೆ, ಫೆಸ್ಟ್‌ಗಳಲ್ಲಿ ನಮಗೆ ಸಿಗುವುದು ಐದೋ ಏಳೋ. ಆದರೆ ಪರಿಚಯ ಬೇಕೇ ಬೇಕಾ?

ಇರಾನಿನ ಅಬ್ಬಾಸ್ ಕಿಯರೋಸ್ತಮಿ 1970ರಲ್ಲಿ ಮಾಡಿದ ಮೊದಲ ಚಿತ್ರ 'ದ ಬ್ರೆಡ್ ಅಂಡ್ ಆ್ಯಲಿ' ಸುಮಾರು ಹತ್ತು ನಿಮಿಷದ್ದು. ಒಬ್ಬ ಹುಡುಗ ರೊಟ್ಟಿ ತೆಗೆದುಕೊಂಡು ಮನೆಗೆ ಹೊರಟಿದ್ದಾನೆ, ಗಲ್ಲಿಯಲ್ಲಿ ನಾಯಿ. ಅಷ್ಟೇ ಕಥೆ. ಮಾತೇ ಇಲ್ಲ. ಹುಡುಗನ ಅಪ್ಪ ಏನು ಮಾಡುತ್ತಾರೆ, ಅವನೆಷ್ಟು ಓದಿದ್ದಾನೆ, ಏನೂ ಹೇಳುವುದಿಲ್ಲ. ದಾರಿಯಲ್ಲಿ ಬಂದ ಮುದುಕರೊಬ್ಬರ ಹಿಂದೆ ಹಿಂದೆ ಹೋಗಿ ಬಚಾವಾಗಲು ನೋಡುತ್ತಾನೆ, ಅವರು ಬೇರೆ ಕಡೆ ತಿರುಗಿಬಿಡುತ್ತಾರೆ. ಆಮೇಲೆ ಒಂದು ತುಂಡು ರೊಟ್ಟಿ ಎಸೆಯುತ್ತಾನೆ, ನಾಯಿ ಮನೆವರೆಗೂ ಜೊತೆಗೆ ಬರುತ್ತದೆ. ಕೊನೆಗೆ ಅದೇ ಗಲ್ಲಿಗೆ ಬಟ್ಟಲು ಹಿಡಿದ ಇನ್ನೊಬ್ಬ ಹುಡುಗ ಬರುತ್ತಾನೆ. ಅವನು ಒಳ್ಳೆಯವನಾ ಕೆಟ್ಟವನಾ ಎಂದು ನಾವು ಕೇಳುವುದೇ ಇಲ್ಲ. ಮನೆ ಸೇರುತ್ತಾನಾ ಎಂಬುದೊಂದೇ ನಮ್ಮ ಚಿಂತೆ.

ಕನ್ನಡದಲ್ಲೂ ಇದೆ. ವೈದ್ಯಕೀಯ ಓದಿ ಸಿನಿಮಾಕ್ಕೆ ಬಂದ ಚಿದಾನಂದ ಎಸ್. ನಾಯ್ಕ್ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಾಡಿದ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಗೆದ್ದಿತು. 16 ನಿಮಿಷ. ಅಜ್ಜಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಇಂಥ ಜನಪದ ಕಥೆ ನಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಅಲ್ಲೂ ಒಂದೇ ಕೆಲಸ, ಒಂದೇ ತೊಂದರೆ.

ಈ ವರ್ಷದ ಫೆಸ್ಟ್‌ಗೆ ನನ್ನ ಹತ್ತಿರ ಒಂದು ಕಥೆ ಇದೆ. ತಿಲಕ್‌ನಗರದಲ್ಲೊಂದು ಬಟ್ಟೆ ಅಂಗಡಿ. ಹುಡುಗಿ ಬುರ್ಖಾ ಹಾಕಿದ್ದಾಳೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಶಟರ್ ಅರ್ಧ ಇಳಿಸಿದೆ, ದಿನದ ಲೆಕ್ಕದಲ್ಲಿ 10 ರೂಪಾಯಿ ತಾಳೆಯಾಗುತ್ತಿಲ್ಲ. ಏಳು ನಿಮಿಷವೂ ಅವಳು ಆ 10 ರೂಪಾಯಿ ಹುಡುಕುತ್ತಾಳೆ. ಪಿಯಾನೋ ಬೇಡ. ಒಳ್ಳೆ ಕ್ಯಾಮೆರಾ ಇರುವ ಫೋನ್ ಯಾರ ಹತ್ತಿರ ಇದೆ, ಹೇಳಿ.